ರಿಚರ್ಡ್ಸ್ ಬೇಯಿಂದ ಪಣಂಬೂರಿಗೆ: ಜುಲೈ ಕಡಲಿನ ಗಾಳಿ ಲೆಕ್ಕ

ದಕ್ಷಿಣ ಆಫ್ರಿಕಾದ ರಿಚರ್ಡ್ಸ್ ಬೇ ಬಂದರಿನಲ್ಲಿ ಕಲ್ಲಿದ್ದಲು ತುಂಬಿಕೊಂಡು ಪಣಂಬೂರಿನ ನವಮಂಗಳೂರು ಬಂದರಿಗೆ ಹೊರಟ ಹಡಗು. ಜುಲೈ ತಿಂಗಳು. ನಾನು ಅದರಲ್ಲಿ ಥರ್ಡ್ ಆಫೀಸರ್. ಬೆಳಿಗ್ಗೆ ಎಂಟರಿಂದ ಹನ್ನೆರಡು, ರಾತ್ರಿ ಎಂಟರಿಂದ ಹನ್ನೆರಡು ನನ್ನ ವಾಚ್, ಅಂದರೆ ಕಾವಲಿನ ಪಾಳಿ. ಹಡಗು ನಡೆಸುವುದರ ಜೊತೆಗೆ ನನ್ನ ಪಾಲಿಗೆ ಇನ್ನೊಂದು ಕೆಲಸವಿತ್ತು. ಹವಾಮಾನ ನೋಡಿ, ಬರೆದು, ದಡಕ್ಕೆ ಕಳಿಸುವುದು. ದಡದಲ್ಲಿರುವವರಿಗೆ ಈ ಕೆಲಸದ ಬಗ್ಗೆ ಜಾಸ್ತಿ ಗೊತ್ತಿಲ್ಲ. ನನಗಂತೂ ಹಡಗಿನ ಕೆಲಸಗಳಲ್ಲೆಲ್ಲ ಇದೇ ಹೆಚ್ಚು ಇಷ್ಟ.

ಲೋಕದಲ್ಲೆಲ್ಲ ಹವಾಮಾನವನ್ನು ಒಂದೇ ಹೊತ್ತಿಗೆ ಅಳೆಯುತ್ತಾರೆ. ಗ್ರೀನಿಚ್ ಸಮಯ 00, 06, 12, 18 ಗಂಟೆಗೆ. ಹಿಂದೂ ಮಹಾಸಾಗರದ ನಡುವೆ ನಮ್ಮ ಗಡಿಯಾರ ಗ್ರೀನಿಚ್‌ಗಿಂತ ನಾಲ್ಕು ಗಂಟೆ ಮುಂದಿತ್ತು. ಹಾಗಾಗಿ 06 ಅಂದರೆ ಬೆಳಿಗ್ಗೆ ಹತ್ತು, 18 ಅಂದರೆ ರಾತ್ರಿ ಹತ್ತು. ಎರಡೂ ನನ್ನ ವಾಚ್‌ನಲ್ಲೇ ಬೀಳುತ್ತಿದ್ದವು. ಸರಕು ಹಡಗುಗಳು ಹೀಗೆ ಸ್ವಂತ ಇಷ್ಟದಿಂದ ವರದಿ ಕಳಿಸುವ ಪದ್ಧತಿ ಹಳೆಯದು. 1853ರಲ್ಲಿ ಬ್ರಸೆಲ್ಸ್‌ನಲ್ಲಿ ಹಲವು ದೇಶಗಳ ನೌಕಾಧಿಕಾರಿಗಳು ಕೂತು ಕಡಲಿನ ವರದಿಗೆ ಒಂದೇ ನಮೂನೆ ಗೊತ್ತುಮಾಡಿದರು. ಅದಕ್ಕೆ ಓಡಾಡಿದವರು ಅಮೆರಿಕದ ಮ್ಯಾಥ್ಯೂ ಮೌರಿ. ನಮ್ಮ ದೇಶದಲ್ಲಿ ಈ ವ್ಯವಸ್ಥೆಯನ್ನು ಹವಾಮಾನ ಇಲಾಖೆ ನೋಡಿಕೊಳ್ಳುತ್ತದೆ.

ಈಗ ಸ್ಯಾಟಲೈಟ್ ಇದೆಯಲ್ಲ, ಹಡಗಿನವರು ಯಾಕೆ ಬರೆಯಬೇಕು ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಕಡಲಿನ ಮೇಲಿನ ಗಾಳಿಯನ್ನು ಸ್ಯಾಟಲೈಟ್ ಅಳೆಯುತ್ತದೆ. 2022ರ ನವೆಂಬರ್‌ನಲ್ಲಿ ಇಸ್ರೋ ಹಾರಿಸಿದ ಓಷನ್‌ಸ್ಯಾಟ್-3ರಲ್ಲಿ ಅದಕ್ಕೆಂದೇ ಒಂದು ರೇಡಾರ್ ಇದೆ. ನೀರಿನ ಮೇಲಿನ ಸಣ್ಣ ತೆರೆಗಳಿಂದ ವಾಪಸ್ ಬರುವ ರೇಡಾರ್ ಅಲೆಯನ್ನು ನೋಡಿ ಅದು ಗಾಳಿ ಲೆಕ್ಕ ಹಾಕುತ್ತದೆ. ಆದರೆ ಕಡಲಮಟ್ಟದ ಗಾಳಿಯ ಒತ್ತಡವನ್ನು ಮೇಲಿನಿಂದ ನೇರವಾಗಿ ಅಳೆಯಲು ಬರುವುದಿಲ್ಲ. ಅದಕ್ಕೆ ನೀರಿನ ಮೇಲೆಯೇ ಒಂದು ಬ್ಯಾರೋಮೀಟರ್ ಬೇಕು. ಅಳತೆಗೆಂದು ಕಡಲಿನಲ್ಲಿ ತೇಲಬಿಟ್ಟ ಬುರುಡೆಗಳು (ಬಾಯ್) ಕೊಡುತ್ತವೆ, ಹಡಗುಗಳು ಕೊಡುತ್ತವೆ. ಸಾವಿರಾರು ಮೈಲಿ ಖಾಲಿ ನೀರಿನ ನಡುವೆ ಒಂದು ಹಡಗು ಕೊಟ್ಟ ಒತ್ತಡದ ಅಂಕಿ ಆ ಜಾಗಕ್ಕೆ ಸಿಗುವ ಒಂದೇ ಅಂಕಿಯೂ ಆಗಿರಬಹುದು.

ಹಾಗಾಗಿ ನನ್ನ ಕೆಲಸ ಶುರುವಾಗುತ್ತಿದ್ದುದು ಬ್ಯಾರೋಮೀಟರ್‌ನಿಂದ. ಅದು ಇರುವುದು ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯಲ್ಲಿ, ನೀರಿನಿಂದ ಎಷ್ಟೋ ಮೀಟರ್ ಮೇಲೆ. ಎಂಟು ಮೀಟರ್ ಮೇಲೆ ಹೋದರೆ ಒತ್ತಡ ಸುಮಾರು ಒಂದು ಹೆಕ್ಟೋಪಾಸ್ಕಲ್ (ಒತ್ತಡದ ಅಳತೆ) ಕಡಿಮೆಯಾಗುತ್ತದೆ. ಅದನ್ನು ಕೂಡಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಖಾಲಿ ಹಡಗು ಎತ್ತರಕ್ಕೆ ತೇಲುತ್ತದೆ. ಕಲ್ಲಿದ್ದಲು ತುಂಬಿದ ಮೇಲೆ ಆರೇಳು ಮೀಟರ್ ಕೆಳಗೆ ಕೂರುತ್ತದೆ, ಬ್ರಿಜ್ ಕೂಡ ಅಷ್ಟೇ ಕೆಳಗೆ ಬರುತ್ತದೆ. ಹಳೆಯ ಲೆಕ್ಕವನ್ನೇ ಇಟ್ಟುಕೊಂಡರೆ ಮುಕ್ಕಾಲು ಹೆಕ್ಟೋಪಾಸ್ಕಲ್‌ನಷ್ಟು ವ್ಯತ್ಯಾಸ ಉಳಿದುಬಿಡುತ್ತದೆ. ಲೋಡಿಂಗ್ ಮುಗಿದು ಡ್ರಾಫ್ಟ್, ಅಂದರೆ ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಅನ್ನುವುದನ್ನು, ಓದಿದ ಕೂಡಲೇ ಚೀಫ್ ಆಫೀಸರ್ ನನ್ನನ್ನು ಕರೆದು, "ಬ್ಯಾರೋಮೀಟರ್ ಎತ್ತರ ಹೊಸದಾಗಿ ಹಾಕಿಕೋ" ಅಂದರು. ಇಷ್ಟು ಸಣ್ಣದನ್ನೂ ನೆನಪಿಟ್ಟು ಹೇಳುವ ಹಿರಿಯರು ಇರುವ ಹಡಗಿನಲ್ಲಿ ಕೆಲಸ ಕಲಿಯುವುದು ಒಂದು ಭಾಗ್ಯ.

ಉಷ್ಣವಲಯದ ಕಡಲಿನಲ್ಲಿ ಬ್ಯಾರೋಮೀಟರ್ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಮತ್ತು ರಾತ್ರಿ ಹತ್ತಕ್ಕೆ ಮೇಲೆ. ಬೆಳಗಿನ ಜಾವ ನಾಲ್ಕಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಕೆಳಗೆ. ಮೇಲಕ್ಕೂ ಕೆಳಕ್ಕೂ ಅಂತರ ಸುಮಾರು ಮೂರು ಹೆಕ್ಟೋಪಾಸ್ಕಲ್. ಮಳೆಯಿಲ್ಲ, ಬಿರುಗಾಳಿಯಿಲ್ಲ, ಸುಮ್ನೆ ದಿನಾ ಹೀಗೆಯೇ. ಇದು ಗೊತ್ತಿಲ್ಲದವರು ಸಂಜೆ ಬ್ಯಾರೋಮೀಟರ್ ನೋಡಿದರೆ ಒತ್ತಡ ಬೀಳುತ್ತಿದೆ ಅಂತ ಗಾಬರಿಯಾಗಬಹುದು. ಅದಕ್ಕೇ ಇವತ್ತು ಹತ್ತು ಗಂಟೆಯ ಅಂಕಿಯನ್ನು ನಿನ್ನೆ ಹತ್ತು ಗಂಟೆಯ ಅಂಕಿಯ ಜೊತೆ ಹೋಲಿಸಬೇಕು. ಈ ಏರಿಳಿತ ಕಳೆದ ಮೇಲೂ ಆ ಜಾಗದ ಆ ಕಾಲದ ಸರಾಸರಿಗಿಂತ ಮೂರು ಕಡಿಮೆ ಬಂದರೆ ಎಲ್ಲೋ ಚಂಡಮಾರುತ ಇದೆ ಅಂತ ಅನುಮಾನ ಪಡಬೇಕು. ಐದು ಕಡಿಮೆ ಬಂದರೆ ಅನುಮಾನವೇ ಬೇಡ. ಚಂಡಮಾರುತದ ಪ್ರದೇಶದಲ್ಲಿ ಓಡಾಡುವ ಎಲ್ಲ ನಾವಿಕರೂ ಬಾಯಿಪಾಠ ಮಾಡುವ ಲೆಕ್ಕ ಇದು. ಈ ಏರಿಳಿತ ನಿಂತುಹೋಗಿ ಗೆರೆ ಒಂದೇ ಸಮನೆ ಇಳಿಯಲು ಶುರುವಾದರೆ ಕ್ಯಾಪ್ಟನ್‌ರನ್ನು ಎಬ್ಬಿಸಬೇಕು, ಎಷ್ಟೇ ಹೊತ್ತಾಗಿರಲಿ.

ಹೊರಟ ಮೇಲೆ ಮೊದಲು ಸಿಕ್ಕಿದ್ದು ದಕ್ಷಿಣದ ಸ್ವೆಲ್. ಸ್ವೆಲ್ ಅಂದರೆ ನಮ್ಮ ಕಣ್ಣೆದುರಿನ ಗಾಳಿ ಎಬ್ಬಿಸಿದ ಅಲೆಯಲ್ಲ. ದೂರದ ಯಾವುದೋ ಬಿರುಗಾಳಿಯಲ್ಲಿ ಹುಟ್ಟಿ, ಆ ಗಾಳಿ ಸತ್ತ ಮೇಲೂ ನಡೆದು ಬರುತ್ತಲೇ ಇರುವ ಉದ್ದನೆಯ ಅಲೆ. ಆಗ ಅಂಟಾರ್ಕ್ಟಿಕಾದ ಕಡೆಯ ಕಡಲಿಗೆ ಚಳಿಗಾಲ. ಅಲ್ಲಿ ಒಂದರ ಹಿಂದೆ ಒಂದು ಬಿರುಗಾಳಿ. ಕೇರಳದ ದಡಕ್ಕೆ ಗಾಳಿಯಿಲ್ಲದ ಬಿಸಿಲ ದಿನದಲ್ಲೂ ನುಗ್ಗಿ ಮನೆಗಳನ್ನು ಒದ್ದೆ ಮಾಡುವ 'ಕಳ್ಳಕ್ಕಡಲ್' ಹುಟ್ಟುವುದೂ ಅದೇ ಕಡಲಿನಲ್ಲೇ. 14 ಸೆಕೆಂಡಿಗೆ ಒಂದರಂತೆ ನೆತ್ತಿ ಬರುವ ಅಲೆಗಳ ಗುಂಪು ಗಂಟೆಗೆ ಸುಮಾರು 21 ನಾಟಿಕಲ್ ಮೈಲಿ ಹೋಗುತ್ತದೆ, ದಿನಕ್ಕೆ ಐನೂರು. ನಮ್ಮ ಕರಾವಳಿಗೆ ತಲುಪಲು ಅದಕ್ಕೆ ಒಂದು ವಾರದ ದಾರಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ದಿನಗಳ ಮೊದಲೇ ಎಚ್ಚರಿಕೆ ಕೊಡಲು ಆಗುವುದು ಇದರಿಂದಲೇ.

ಸ್ವೆಲ್‌ನ ಪೀರಿಯಡ್, ಅಂದರೆ ಈ ಸೆಕೆಂಡಿನ ಅಂತರ, ಅಳೆಯುವುದು ತಾಳ್ಮೆಯ ಕೆಲಸ. ಬ್ರಿಜ್‌ನ ಪಕ್ಕಕ್ಕೆ ಚಾಚಿದ ಜಗಲಿಯಲ್ಲಿ, ಬ್ರಿಜ್ ವಿಂಗ್‌ನಲ್ಲಿ, ನಿಂತು ದೂರದಲ್ಲಿ ಒಂದು ನೊರೆಯ ತುಣುಕು ಹುಡುಕಬೇಕು. ಅದು ಅಲೆಯ ನೆತ್ತಿಗೆ ಬಂದಾಗ ಸ್ಟಾಪ್‌ವಾಚ್ ಒತ್ತಬೇಕು. ನೊರೆ ಕೆಳಗೆ ಜಾರುತ್ತದೆ, ತಗ್ಗಿನಲ್ಲಿ ಮರೆಯಾಗುತ್ತದೆ, ಮತ್ತೆ ಏರುತ್ತದೆ. ಮತ್ತೆ ನೆತ್ತಿಗೆ ಬಂದಾಗ ಒತ್ತಬೇಕು. ನೊರೆ ಇದ್ದಲ್ಲೇ ಇರುತ್ತದೆ, ಅಲೆ ಅದರ ಕೆಳಗಿನಿಂದ ಹಾದುಹೋಗುತ್ತದೆ. ಒಂದು ಸಲ ಅಳೆದರೆ ಸಾಲದು. ಹತ್ತು ಹದಿನೈದು ಅಲೆ ಅಳೆದು ಸರಾಸರಿ ತೆಗೆಯಬೇಕು. ಹಡಗಿನ ಪಕ್ಕಕ್ಕೆ ಬಡಿಯುವ ಅಲೆಗಳನ್ನು ಎಣಿಸಿದರೆ ಬೇರೆಯೇ ಉತ್ತರ ಬರುತ್ತದೆ, ಯಾಕೆಂದರೆ ಹಡಗೂ ಓಡುತ್ತಿದೆ.

ಈ ಅಂಕಿ ದಡಕ್ಕೆ ಮಾತ್ರ ಅಲ್ಲ, ನಮಗೂ ಬೇಕಾಯಿತು. ಮಡಗಾಸ್ಕರ್‌ನ ದಕ್ಷಿಣ ತುದಿ ದಾಟುವಾಗ ಹಡಗು ಜೋರಾಗಿ ಹೊರಳಲು ಶುರುಮಾಡಿತು. ಅಡುಗೆಯವರು ಮೇಜಿನ ಬಟ್ಟೆಗೆ ನೀರು ಹಾಕಿ ಒದ್ದೆ ಮಾಡಿದ್ದರು, ತಟ್ಟೆ ಜಾರದ ಹಾಗೆ. ಕ್ಯಾಪ್ಟನ್ ಬ್ರಿಜ್‌ಗೆ ಬಂದು ಕಂಬಿ ಹಿಡಿದು ನಿಂತರು. ತೂತುಕುಡಿಯವರು, ಮಾತು ಕಡಿಮೆ.

"ಸ್ವೆಲ್ ಪೀರಿಯಡ್ ಎಷ್ಟು?"

"ಹನ್ನೆರಡು ಸೆಕೆಂಡ್, ಸರ್. ದಕ್ಷಿಣ-ನೈಋತ್ಯದಿಂದ."

ಅವರು ಚಾರ್ಟ್ ಮೇಜಿನ ಮೇಲೆ ಲೆಕ್ಕ ಹಾಕಿ ತೋರಿಸಿದರು. ಒಂದೊಂದು ಅಲೆಯ ವೇಗ ಗುಂಪಿನ ವೇಗದ ಎರಡರಷ್ಟು, ಹಾಗಾಗಿ ಹನ್ನೆರಡು ಸೆಕೆಂಡಿನ ಅಲೆ ಸುಮಾರು 36 ನಾಟ್, ಅಂದರೆ ಗಂಟೆಗೆ 36 ನಾಟಿಕಲ್ ಮೈಲಿ ವೇಗದಲ್ಲಿ ಓಡುತ್ತದೆ. ಅದು ಬರುತ್ತಿದ್ದುದು ನಮ್ಮ ಬಲಗಡೆ ಹಿಂದಿನಿಂದ. ನಾವೂ ಸ್ವಲ್ಪ ಅದೇ ಕಡೆಗೆ ಹೋಗುತ್ತಿದ್ದುದರಿಂದ ಅಲೆ ನಮಗೆ ಸಿಗುವುದು ಹನ್ನೆರಡಕ್ಕಲ್ಲ, ಹದಿನಾಲ್ಕು ಸೆಕೆಂಡಿಗೆ ಒಂದು. ಆ ಲೋಡ್‌ನಲ್ಲಿ ನಮ್ಮ ಹಡಗು ಒಂದು ಸಲ ಆ ಕಡೆ ಈ ಕಡೆ ಹೊರಳಿ ಬರಲು ತೆಗೆದುಕೊಳ್ಳುತ್ತಿದ್ದುದೂ ಹೆಚ್ಚುಕಡಿಮೆ ಹದಿನಾಲ್ಕೇ. ಎರಡೂ ಒಂದಾದಾಗ ಪ್ರತಿ ಅಲೆಯೂ ಸರಿಯಾದ ಹೊತ್ತಿಗೆ ಹಡಗನ್ನು ದೂಡುತ್ತದೆ, ಹೊರಳಾಟ ಬೆಳೆಯುತ್ತಾ ಹೋಗುತ್ತದೆ. ಎಡಕ್ಕೆ ಜಾಗವಿತ್ತು. ಗೊತ್ತುಮಾಡಿದ್ದಕ್ಕಿಂತ ಮೊದಲೇ ಉತ್ತರದ ಕಡೆ ತಿರುಗಿಸಿದರು. ಅಲೆ ಇನ್ನಷ್ಟು ಹಿಂದಕ್ಕೆ ಹೋಯಿತು, ಸಿಗುವ ಅಂತರ ಹದಿನಾರು ಸೆಕೆಂಡಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಹೊರಳಾಟ ಅರ್ಧಕ್ಕೆ ಇಳಿಯಿತು. ಎಂಜಿನ್‌ಗೆ ಕೈ ಹಚ್ಚಲಿಲ್ಲ.

ಅಲ್ಲಿಂದ ಉತ್ತರಕ್ಕೆ ಆಗ್ನೇಯ ವಾಣಿಜ್ಯ ಮಾರುತ. ಶಾಲೆಯ ಭೂಗೋಳದಲ್ಲಿ ಬಾಣದ ಗುರುತು ಹಾಕಿ ತೋರಿಸಿದ ಗಾಳಿ. ಅದರೊಳಗೆ ಇರುವುದು ಬೇರೆಯೇ ಅನುಭವ. ಮಡಗಾಸ್ಕರ್‌ನ ದಕ್ಷಿಣ-ಪೂರ್ವಕ್ಕೆ ಮಸ್ಕರೇನ್ ಅಧಿಕ ಒತ್ತಡ ಅಂತ ಒಂದು ದೊಡ್ಡ ಗುಡ್ಡೆ ಇದೆ, ಗಾಳಿಯ ಒತ್ತಡದ್ದು. ನಮ್ಮ ಬ್ಯಾರೋಮೀಟರ್ ಅಲ್ಲಿ 1026 ತೋರಿಸಿತ್ತು. ಅದರ ಉತ್ತರದ ಇಳಿಜಾರಿನಿಂದ ಗಾಳಿ ಹಗಲೂ ರಾತ್ರಿ ಒಂದೇ ಸಮನೆ ಬರುತ್ತದೆ. 20ರಿಂದ 25 ನಾಟ್. ಬಲ ಮಗ್ಗುಲಿಗೆ ಮೂರು ಮೀಟರ್ ಅಲೆ, ಎಲ್ಲೆಲ್ಲೂ ಬಿಳಿ ನೊರೆ, ಮೇಲೆ ಸಾಲುಸಾಲು ಸಣ್ಣ ಮೋಡ. ಲಾಗ್‌ಬುಕ್‌ನಲ್ಲಿ ದಿನಾ ಅದನ್ನೇ ಬರೆದರೂ ನನಗೆ ಬೇಸರ ಬರಲಿಲ್ಲ. ನಮ್ಮೂರಿನ ಮುಂಗಾರಿಗೆ ನೀರು ಹೊರುವ ಗಾಳಿ ಇದೇ ಅಂತ ಗೊತ್ತಿದ್ದರೆ ಯಾರಿಗೆ ಬೇಸರ ಬರುತ್ತದೆ? ಈ ಗಾಳಿಯೇ ಸಮಭಾಜಕ ದಾಟುತ್ತದೆ. ಭೂಮಿ ತಿರುಗುವುದರಿಂದ ದಕ್ಷಿಣದಲ್ಲಿ ಎಡಕ್ಕೆ ಎಳೆಸಿಕೊಳ್ಳುತ್ತಿದ್ದ ಗಾಳಿ ಉತ್ತರಕ್ಕೆ ಬಂದ ಮೇಲೆ ಬಲಕ್ಕೆ ಎಳೆಸಿಕೊಳ್ಳುತ್ತದೆ. ಆಗ್ನೇಯದ ಗಾಳಿ ಹೋಗಿ ನೈಋತ್ಯದ ಗಾಳಿಯಾಗುತ್ತದೆ. ಅದರ ಬಹುಪಾಲು ದಾಟುವುದು ಆಫ್ರಿಕಾದ ಮಗ್ಗುಲಲ್ಲಿ, ಸೊಮಾಲಿಯಾದ ಮುಂದೆ. ಅಲ್ಲಿ ಒಂದು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅದು ಹೊಳೆಯ ಹಾಗೆ ರಭಸದಿಂದ ಹರಿಯುತ್ತದೆ. 1969ರಲ್ಲಿ ಫೈಂಡ್ಲೇಟರ್ ಎಂಬ ವಿಜ್ಞಾನಿ ಅದನ್ನು ವಿವರಿಸಿ ಬರೆದ ಮೇಲೆ ಅವರ ಹೆಸರೇ ಅದಕ್ಕೆ ಬಂತು.

ನಾವು ದಾಟಿದ್ದು ಅದಕ್ಕಿಂತ ಬಹಳ ಪೂರ್ವಕ್ಕೆ. ಅಲ್ಲಿ ಗಾಳಿ ಸಣ್ಣದಾಯಿತು, ದಕ್ಷಿಣದಿಂದ ಬೀಸತೊಡಗಿತು. ಸಮಭಾಜಕದ ಸ್ವಲ್ಪ ದಕ್ಷಿಣಕ್ಕೆ ಮಳೆಯ ಪಟ್ಟಿ ಸಿಕ್ಕಿತು. ರೇಡಾರ್‌ನಲ್ಲಿ ಮಳೆಯ ಗಂಟು ದೂರದಿಂದಲೇ ಕಾಣುತ್ತದೆ. ಎಂಟು ನಾಟ್ ಇದ್ದ ಗಾಳಿ ನಾಲ್ಕಾರು ನಿಮಿಷದಲ್ಲಿ 30 ಆಗುತ್ತದೆ, ಮೈ ತಣ್ಣಗಾಗುತ್ತದೆ, ಮುಂದಿನ ಮಾಸ್ಟ್ ಕಾಣದಷ್ಟು ಮಳೆ. ಕಾಲು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ವರದಿಯಲ್ಲಿ ಬರೆಯಬೇಕಾದದ್ದು ಹತ್ತು ನಿಮಿಷದ ಸರಾಸರಿ ಗಾಳಿ, ಒಂದು ಬೀಸಿನ ಗಾಳಿಯಲ್ಲ.

ಸಮಭಾಜಕದವರೆಗೆ ಮಾರಿಷಸ್ ಮತ್ತು ರಿಯೂನಿಯನ್‌ನವರ ಬುಲೆಟಿನ್ ಬರುತ್ತಿತ್ತು. ಆಮೇಲೆ ನಮ್ಮ ಹವಾಮಾನ ಇಲಾಖೆಯದ್ದು. ಪ್ರಿಂಟರ್‌ನಿಂದ ಆ ಕಾಗದ ಹೊರಬಂದಾಗ ಊರು ಹತ್ತಿರವಾಯಿತು ಅನ್ನಿಸುತ್ತದೆ.

ಐದಾರು ಡಿಗ್ರಿ ಉತ್ತರ ದಾಟಿದ ಮೇಲೆ ಮುಂಗಾರು ಸರಿಯಾಗಿ ಹಿಡಿಯಿತು. ಇಡೀ ಪ್ರಯಾಣದಲ್ಲಿ ನನಗೆ ಹೆಚ್ಚು ಕಲಿಸಿದ ಬೆಳಿಗ್ಗೆ ಅದು. ನಾವು ಈಶಾನ್ಯಕ್ಕೆ 12 ನಾಟ್‌ನಲ್ಲಿ ಹೋಗುತ್ತಿದ್ದೆವು. ಗಾಳಿ ನೈಋತ್ಯದಿಂದ, ಸರಿಯಾಗಿ ಬೆನ್ನ ಹಿಂದೆ. ಬ್ರಿಜ್ ವಿಂಗ್‌ಗೆ ಹೋದರೆ ಹಿತವಾದ ಗಾಳಿ. ಮೀಟರ್ 18 ನಾಟ್ ತೋರಿಸುತ್ತಿತ್ತು. ಗಾಳಿ ಬೀಸುವ ಕಡೆಗೇ ಸೈಕಲ್ ಹೊಡೆದರೆ ಗಾಳಿಯೇ ಇಲ್ಲ ಅನ್ನಿಸುತ್ತದಲ್ಲ, ಹಾಗೆ. ಹಡಗಿನ 12 ಕೂಡಿಸಿದರೆ ನಿಜವಾದ ಗಾಳಿ 30. ಅದೇ ಹೊತ್ತಿಗೆ ನಮ್ಮ ಎದುರಿನಿಂದ ಅಷ್ಟೇ ವೇಗದಲ್ಲಿ ಬರುವ ಹಡಗಿನವರಿಗೆ ಮುಖಕ್ಕೆ ಹೊಡೆಯುತ್ತಿದ್ದುದು 42. ಒಂದೇ ಕಡಲು, ಒಂದೇ ಗಾಳಿ.

ಇಂಥ ಹೊತ್ತಿನಲ್ಲಿ ಮೈಗೆ ತಾಗುವುದನ್ನು ನಂಬಬಾರದು, ನೀರನ್ನು ನಂಬಬೇಕು. ಗಾಳಿಯ ಬಲಕ್ಕೆ ಅಂಕಿ ಕೊಡುವ ಬ್ಯೂಫೋರ್ಟ್ ಮಾಪನ ಇರುವುದೇ ಅದಕ್ಕೆ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬ್ಯೂಫೋರ್ಟ್ 1805ರ ಹೊತ್ತಿಗೆ ತಮ್ಮ ಹಡಗಿನ ಹಾಯಿಗಳನ್ನು ಇಟ್ಟುಕೊಂಡು ಗೊತ್ತುಮಾಡಿದ ಲೆಕ್ಕ. ಮುಂದೆ ಅದನ್ನು ನೀರಿನ ರೂಪಕ್ಕೆ ಹೊಂದಿಸಿದರು. ಅಲ್ಲಲ್ಲಿ ಬಿಳಿ ನೊರೆ ಕಂಡರೆ 3, ಆಗಾಗ ಕಂಡರೆ 4. ಎಲ್ಲೆಲ್ಲೂ ನೊರೆ ಇದ್ದರೆ 5. ದೊಡ್ಡ ಅಲೆ ಏಳಲು ಶುರುವಾಗಿ ನೆತ್ತಿಯ ನೊರೆ ಅಗಲವಾದರೆ 6. ಒಡೆದ ಅಲೆಯ ನೊರೆ ಗಾಳಿಯ ದಿಕ್ಕಿಗೆ ಗೆರೆಗೆರೆಯಾಗಿ ಎಳೆದುಕೊಂಡು ಹೋಗಲು ಶುರುವಾದರೆ 7, ಅಂದರೆ 28ರಿಂದ 33 ನಾಟ್. ಅಲೆಯ ನೆತ್ತಿಯ ಅಂಚು ಕಿತ್ತು ತುಂತುರಾಗಿ ಹಾರಿದರೆ 8.

ನಾನು ನೀರನ್ನೇ ನೋಡುತ್ತಾ ನಿಂತೆ. ಹಡಗಿನ ಹಿಂದಿನಿಂದ ಒಂದು ಅಲೆ ಬಂತು. ಬೂದಿ ಬಣ್ಣದ ನೀರು, ಬಿಸಿಲಿಲ್ಲ. ನೆತ್ತಿ ಒಡೆಯಿತು, ನೊರೆ ಬೆನ್ನ ಮೇಲೆ ಹರಡಿತು. ಹರಡಿದ ನೊರೆಯಿಂದ ಬಿಳಿ ದಾರಗಳು ಹೊರಟವು. ಒಂದು, ಎರಡು, ಆಮೇಲೆ ಹತ್ತಾರು. ಎಲ್ಲವೂ ಈಶಾನ್ಯಕ್ಕೆ, ಒಂದಕ್ಕೊಂದು ಸಮನಾಗಿ. ತುಂತುರು ಹಾರುತ್ತಿರಲಿಲ್ಲ. ಬಲ 7. ಲೆಕ್ಕ ಹಾಕಿದ 30ಕ್ಕೂ ಕಣ್ಣಿಗೆ ಕಂಡ 7ಕ್ಕೂ ತಾಳೆಯಾಯಿತು. ಆ ಗೆರೆಗಳೇ ದಿಕ್ಕನ್ನೂ ಹೇಳುತ್ತವೆ, ದಿಕ್ಸೂಚಿಯಲ್ಲಿ ಗುರಿಯಿಟ್ಟು ಓದಿದರೆ ಸಾಕು.

ಅಲೆಯ ಎತ್ತರಕ್ಕೆ ಇನ್ನೊಂದು ಉಪಾಯ. ಬ್ರಿಜ್‌ನಷ್ಟು ಎತ್ತರದಿಂದ ನೋಡಿದರೆ ಎಲ್ಲ ಅಲೆಯೂ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ಕೆಳಗಿನ ಡೆಕ್‌ಗಳಿಗೆ ಇಳಿದು, ಹಡಗು ತಗ್ಗಿನಲ್ಲಿ ನೆಟ್ಟಗೆ ನಿಂತ ಗಳಿಗೆಯಲ್ಲಿ ಅಲೆಯ ನೆತ್ತಿ ದಿಗಂತದ ಗೆರೆಗೆ ಸಮ ಕಾಣುವ ಜಾಗ ಹುಡುಕಬೇಕು. ಆಗ ನೀರಿನಿಂದ ನಮ್ಮ ಕಣ್ಣಿನ ಎತ್ತರ ಎಷ್ಟೋ ಅಲೆಯ ಎತ್ತರವೂ ಅಷ್ಟು. ತುಂಬಿದ ಹಡಗಿನ ಮುಖ್ಯ ಡೆಕ್ ನೀರಿಗೆ ಹತ್ತಿರವಿರುತ್ತದೆ, ಮುಂಗಾರಿನಲ್ಲಿ ಅದರ ಮೇಲೆ ಅಲೆ ಹಾಯುತ್ತಿರುತ್ತದೆ. ಅಲ್ಲಿಗೆ ಹೋಗುವ ಹಾಗಿಲ್ಲ. ವಸತಿ ಭಾಗದ ಹೊರಗಿನ ಮೆಟ್ಟಿಲಿನ ಮೇಲೆ ನಿಂತು, ಅಲ್ಲಿಂದ ಎಷ್ಟು ಕೆಳಗೆ ಸಮ ಕಾಣಬಹುದು ಅಂತ ಅಂದಾಜು ಮಾಡಿದೆ. ನಾಲ್ಕು ಮೀಟರ್. ವರದಿಯಲ್ಲಿ ಎತ್ತರವನ್ನು ಅರ್ಧ ಮೀಟರ್ ಲೆಕ್ಕದಲ್ಲಿ ಬರೆಯಬೇಕು. ನಾಲ್ಕಕ್ಕೆ 08.

ಉಳಿದದ್ದು ಬೇಗ ಆಗುತ್ತದೆ. ಗಾಳಿ ಬರುವ ಕಡೆ ನಿಂತು ಎರಡು ಥರ್ಮಾಮೀಟರಿನ ಗಿರಗಟ್ಟೆ ತಿರುಗಿಸಿ ಒಣ ಉಷ್ಣತೆ, ಒದ್ದೆ ಉಷ್ಣತೆ ಓದುವುದು. ಎಂಜಿನ್ ರೂಮಿಗೆ ಫೋನ್ ಮಾಡಿ ಕಡಲ ನೀರಿನ ಉಷ್ಣತೆ ಕೇಳುವುದು. ಮೋಡ, ಮಳೆ, ಎಷ್ಟು ದೂರ ಕಾಣುತ್ತದೆ ಅನ್ನುವುದು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಟರ್ಬೊವಿನ್ ಎಂಬ ಪ್ರೋಗ್ರಾಮ್‌ಗೆ ಹಾಕಿದರೆ ಅದು ಐದೈದು ಅಂಕಿಯ ಗುಂಪುಗಳಾಗಿ ಜೋಡಿಸಿ ಕೊಡುತ್ತದೆ. ಇನ್‌ಮಾರ್‌ಸ್ಯಾಟ್-ಸಿ ಎಂಬ ಸ್ಯಾಟಲೈಟ್ ಸಂದೇಶ ವ್ಯವಸ್ಥೆಯ ಮೂಲಕ 41 ಎಂಬ ಸಂಕೇತ ಒತ್ತಿ ಕಳಿಸುವುದು. ಆ ಸಂಕೇತದಲ್ಲಿ ಹೋದರೆ ಹಡಗಿಗೆ ಖರ್ಚಿಲ್ಲ, ಹವಾಮಾನ ಸಂಸ್ಥೆ ಭರಿಸುತ್ತದೆ. ರಾತ್ರಿ ಹತ್ತರ ವರದಿ ಮಾತ್ರ ಕಷ್ಟ. ಮುಂಗಾರಿನ ಕತ್ತಲೆಯಲ್ಲಿ ಅಲೆ ಕಾಣುವುದಿಲ್ಲ. ದೀಪವೆಲ್ಲ ಆರಿಸಿ ಕಣ್ಣು ಕತ್ತಲಿಗೆ ಹೊಂದುವವರೆಗೆ ಕಾದರೆ ನೊರೆಯಷ್ಟೇ ಮಸುಕಾಗಿ ಕಾಣುತ್ತದೆ. ಉಳಿದದ್ದನ್ನು ಹಡಗಿನ ಏಳುಬೀಳಿನಿಂದ ತಿಳಿಯಬೇಕು.

ಮಲ್ಪೆಯಲ್ಲಿ ನನ್ನ ಮಾವನಿಗೆ ಬೋಟ್ ಇದೆ. ಆ ರಾತ್ರಿ ಅವರ ಮೆಸೇಜ್ ಬಂದಿತ್ತು. "ಎಂತ ಮಾರಾಯ, ಅಲ್ಲಿ ಗಾಳಿ ಹೇಗುಂಟು?" ನಾಲ್ಕು ಮೀಟರ್ ಅಲೆ ಅಂತ ಬರೆದೆ. "ಹಾಗಾದ್ರೆ ಬೋಟು ದಡದಲ್ಲೇ ಇರಲಿ" ಅಂದರು. ಅದು ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಮೀನುಗಾರಿಕೆ ರಜೆಯ ಕಾಲ. ಮೀನು ಮರಿಯಿಡುವ ಸಮಯ ಅಂತ ಸರಕಾರ ಹೇಳುತ್ತದೆ. ಕಡಲಿನ ಮೇಲೆ ನಿಂತು ನೋಡಿದವರಿಗೆ ಇನ್ನೊಂದು ಕಾರಣ ಹೇಳಿಕೊಡಬೇಕಾಗಿಲ್ಲ. ಆದರೂ ಮುಂಗಾರಿನ ನಡುವೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವುದು ಅಪರೂಪ. ಕೆಳಗಿನ ಗಾಳಿ ಪಶ್ಚಿಮದಿಂದ, ಮೇಲಿನ ಗಾಳಿ ಪೂರ್ವದಿಂದ. ಮೋಡದ ಗೋಪುರ ನಿಲ್ಲಲು ಬಿಡುವುದಿಲ್ಲ. ಭಯ ಇರುವುದು ಮುಂಗಾರಿನ ಹಿಂದೆ ಮುಂದೆ. 2021ರ ಮೇಯಲ್ಲಿ ತೌಕ್ತೆ ನಮ್ಮ ಕರಾವಳಿಯ ಹೊರಗಿನಿಂದಲೇ ಹಾದು ಗುಜರಾತಿಗೆ ಹೋಯಿತು. 2017ರ ನವೆಂಬರ್ ಕೊನೆಗೆ ಒಖಿ ಕನ್ಯಾಕುಮಾರಿಯ ಹತ್ತಿರ ಬಹಳ ಬೇಗ ಬಲವಾಯಿತು, ಆಳ ಕಡಲಿಗೆ ಹೋಗಿದ್ದ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ವಾಪಸ್ ಬರಲಿಲ್ಲ. ಅವರಿದ್ದಂಥ ಕಡಲಿನಿಂದ ಹೋಗುವ ಒಂದೊಂದು ಒತ್ತಡದ ಅಂಕಿಯನ್ನೂ ನಾನು ಅವರನ್ನು ನೆನೆದೇ ಬರೆಯುತ್ತೇನೆ.

ಲಕ್ಷದ್ವೀಪದ ನಡುವಿನ ನೈನ್ ಡಿಗ್ರಿ ಚಾನೆಲ್ ದಾಟಿದ ಮೇಲೆ ಗಾಳಿ ಪಶ್ಚಿಮದಿಂದ ಬೀಸತೊಡಗಿತು, ಬಲ 5ಕ್ಕೆ ಇಳಿಯಿತು. ಬ್ಯಾರೋಮೀಟರ್ 1007. ಗಡಿಯಾರ ಭಾರತದ ಸಮಯಕ್ಕೆ ಬಂತು, 06ರ ವರದಿ ಹನ್ನೊಂದೂವರೆಗೆ ಹೋಯಿತು. ಪಣಂಬೂರಿನ ಹೊರಗೆ ಆ ವರದಿ ಕಳಿಸಿ ಮುಗಿಸುವಷ್ಟರಲ್ಲಿ, ಹಡಗನ್ನು ಬಂದರಿನೊಳಗೆ ತರಲು ದಾರಿ ತೋರಿಸುವ ಪೈಲಟ್ ಹೊರಟಿದ್ದಾರೆ ಅಂತ ರೇಡಿಯೊದಲ್ಲಿ ಹೇಳಿದರು.

ಕ್ಯಾಪ್ಟನ್ ಹಡಗನ್ನು ಉತ್ತರಕ್ಕೆ ತಿರುಗಿಸಿ ನಿಧಾನ ಮಾಡಿದರು. ಅಲೆ ಎಡ ಮಗ್ಗುಲಿಗೆ ಹೊಡೆಯುತ್ತದೆ, ಬಲ ಮಗ್ಗುಲಲ್ಲಿ ಹಡಗಿನ ಮರೆಗೆ ನೀರು ಸ್ವಲ್ಪ ಸುಮ್ಮನಾಗುತ್ತದೆ. ಹಗ್ಗದ ಏಣಿ ಆ ಕಡೆ ಇಳಿಸಿದ್ದರು. ಪೈಲಟ್‌ರನ್ನು ಬರಮಾಡಿಕೊಳ್ಳಲು ನಾನು ಕೆಳಗೆ ಹೋದೆ. ಮರೆಯಲ್ಲೂ ಅವರ ದೋಣಿ ಎರಡು ಮೀಟರ್ ಏರಿ ಇಳಿಯುತ್ತಿತ್ತು. ಅದು ನೆತ್ತಿಗೆ ಬಂದ ಗಳಿಗೆ ನೋಡಿ ಅವರು ಏಣಿ ಹಿಡಿದರು. ಮೇಲೆ ಬಂದವರೇ ಉಸಿರು ತೆಗೆದುಕೊಂಡು ಕೇಳಿದರು.

"ಹೊರಗೆ ಸ್ವೆಲ್ ಎಷ್ಟಿದೆ?"

"ಎರಡೂವರೆ ಮೀಟರ್, ಸರ್. ಪಶ್ಚಿಮದಿಂದ. ಒಂಬತ್ತು ಸೆಕೆಂಡ್."

"ಈಗ ಅಳೆದದ್ದಾ?"

"ಹನ್ನೊಂದೂವರೆಗೆ."

ತುಂಬಿದ ಹಡಗು ಬಂದರಿಗೆ ಹೋಗುವ ಚಾನೆಲ್‌ನಲ್ಲಿ ಅಲೆಯ ಜೊತೆ ಎಷ್ಟು ಕೆಳಗೆ ಇಳಿಯುತ್ತದೆ ಅನ್ನುವುದರ ಮೇಲೆ ಒಳಗೆ ಹೋಗುವುದು ನಿಂತಿರುತ್ತದೆ. ಅವರು ಎದೆಗೆ ಸಿಕ್ಕಿಸಿದ್ದ ರೇಡಿಯೊ ತೆಗೆದು ಬಂದರಿಗೆ ಅದೇ ಅಂಕಿ ಹೇಳುತ್ತಾ ಮೆಟ್ಟಿಲು ಹತ್ತಿದರು.